ಚಾರ್ಜ್ ಕೊಟ್ಟು ಹೋದವರು

ಆ ದಿನವೂ ಮಾವ ಹಿತ್ತಲಿನ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಂಪು ಸೋಪು ಹಚ್ಚಿ, ಮೊಣಕೈವರೆಗೆ ಕೈ ತೊಳೆದುಕೊಂಡರು. ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ಮುಂಬಾಗಿಲಿಗೆ ಬಂದು, ಆಗಷ್ಟೇ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ನನ್ನೆದುರು ನೆಟ್ಟಗೆ ನಿಂತರು.

"ಸಿಸ್ಟರ್," ಎಂದರು. "ಸ್ಕೂಲಿಂದ ಟೈಮಿಗೆ ಸರಿಯಾಗಿ ಬಂದಿದಾಳೆ. ಅವಲಕ್ಕಿ ತಿಂದಿದಾಳೆ, ಮೊಸರು ಬೇಡ ಅಂದ್ಲು. ಲೆಕ್ಕದ ಟೀಚರ್ ಮೇಲೆ ಸಿಟ್ಟಿದೆ, ಕಾರಣ ಹೇಳಲ್ಲ. ಬೇಳೆ ಬೇಯಿಸಿ ಇಳಿಸಿದೀನಿ, ಗ್ಯಾಸ್ ಆಫ್ ಆಗಿದೆ. ಅಷ್ಟೇ. ಚಾರ್ಜ್ ತಗೋ."

"ತಗೊಂಡೆ ಮಾವ," ಎಂದೆ.

ಒಳಗಿನಿಂದ ಮಗಳು ಬಾಯಲ್ಲೇ ಕಾರ್ಖಾನೆಯ ಸೈರನ್ ಊದಿದಳು... ಉದ್ದಕ್ಕೆ, ಉಸಿರು ಮುಗಿಯುವವರೆಗೆ. ಹತ್ತು ವರ್ಷದ ಹುಡುಗಿಗೆ ಆ ಆಟ ಎಂದೋ ಬೇಸರ ಬಂದಿರಬೇಕು. ಅಜ್ಜನಿಗಾಗಿ ಇನ್ನೂ ಊದುತ್ತಿದ್ದಳು. ಮಾವ ಹೆಗಲಿಗೆ ಚೀಲ ಏರಿಸಿ ಭದ್ರಾವತಿಯ ಬಸ್ಸು ಹಿಡಿಯಲು ಹೊರಟರು. ಪಕ್ಕದಲ್ಲಿ ಹಾದುಹೋಗುವಾಗ ಸೋಪಿನ ವಾಸನೆ ಬಂತು. ಗೇಟಿನ ಹತ್ತಿರ ಬೀದಿನಾಯಿಗೆ ಏನೋ ಹೇಳಿದರು, ಕೇಳಿಸಲಿಲ್ಲ. ನೆನಪಿಟ್ಟುಕೊಳ್ಳುವಂಥದ್ದು ಏನೂ ಇಲ್ಲದ ದಿನ ಅದು.

ಹೋದ ವಾರ ಶಿವಮೊಗ್ಗದ ದುರ್ಗಿಗುಡಿಯ ಒಂದು ಹಳೇ ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತಿದ್ದೆ. ಅಂಗಡಿಯವರು ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ಬಾಯಿ ಬಿಚ್ಚಿದರು. ಕೆಂಪು ಸೋಪು. ಆಸ್ಪತ್ರೆಯೂ ಅಲ್ಲದ, ಬಚ್ಚಲೂ ಅಲ್ಲದ, ಬಿಸಿ ಕಬ್ಬಿಣದ ಮೇಲೆ ನೀರು ಬಿದ್ದಂಥ ಆ ಘಾಟು. ಈಗೆಲ್ಲ ಮನೆಯಲ್ಲಿ ಬಾಟಲಿಯ ನೊರೆ ಸೋಪು ಬಂದಿದೆ. ಆದರೂ ಒಂದು ಕೊಡಿ ಎಂದೆ. ಮನೆಗೆ ತಂದು ಹಿತ್ತಲಿನ ನಲ್ಲಿಯ ಪಕ್ಕ, ಮಾವ ಇಡುತ್ತಿದ್ದ ತೆಂಗಿನ ಕರಟದಲ್ಲೇ ಇಟ್ಟೆ. ಆಮೇಲೆ ಕೂತು ಇದನ್ನು ಬರೆಯತೊಡಗಿದೆ.

ಮಾವ ಎಂದರೆ ನನ್ನ ಗಂಡನ ತಂದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ಕೆಲಸ ಮಾಡಿ ನಿವೃತ್ತರಾದವರು. ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ನಮ್ಮ ಮನೆ ರವೀಂದ್ರನಗರದಲ್ಲಿ. ಅತ್ತೆ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನನ್ನ ತವರು ದೂರ. ಮಗಳು ಹುಟ್ಟಿ, ರಜೆಯೆಲ್ಲ ಮುಗಿದು, ಮಗುವನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಹೆಂಗಸು ಬರುವುದನ್ನು ನಿಲ್ಲಿಸಿದಾಗ ಏನು ಮಾಡುವುದೆಂದು ತೋಚದೆ ಕೂತಿದ್ದೆವು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಾವ ನಿಂತಿದ್ದರು. ಹೆಗಲಲ್ಲಿ ಚೀಲ. ಚೀಲದಲ್ಲಿ ಟಿಫನ್ ಡಬ್ಬಿ, ಟವೆಲ್ಲು, ಕೆಂಪು ಸೋಪು.

"ಡ್ಯೂಟಿಗೆ ಬಂದಿದೀನಿ," ಎಂದರು.

ನನ್ನ ಗಂಡ, "ಬಂದಿದ್ದು ಒಳ್ಳೇದಾಯ್ತು ಅಪ್ಪ. ಇಲ್ಲೇ ಇದ್ದುಬಿಡಿ, ದಿನಾ ಯಾಕೆ ಓಡಾಟ," ಎಂದರು.

"ಡ್ಯೂಟಿ ಮಾಡೋ ಜಾಗದಲ್ಲೇ ಹಾಸಿಗೆ ಹಾಕಿದ್ರೆ ಡ್ಯೂಟಿ ಮುಗಿಯೋದು ಯಾವಾಗ ಕಣೋ? ನಾನು ಬಸ್ಸಲ್ಲಿ ಬರ್ತೀನಿ, ಬಸ್ಸಲ್ಲಿ ಹೋಗ್ತೀನಿ. ಅಲ್ಲಿ ನನ್ನ ಇಸ್ಪೀಟು ಕಾಯ್ತಾ ಇರುತ್ತೆ."

ಹಾಗೆ ಶುರುವಾಯಿತು. ನನ್ನ ಶಿಫ್ಟು ಯಾವುದೋ ಅವರದೂ ಅದೇ. ಬೆಳಗಿನ ಪಾಳಿ ಇದ್ದರೆ ಕತ್ತಲಿರುವಾಗಲೇ ಹೊರಟು ಮೊದಲ ಬಸ್ಸಿಗೆ ಬರುತ್ತಿದ್ದರು. ಮಧ್ಯಾಹ್ನದ ಪಾಳಿ ಇದ್ದರೆ ಅಲ್ಲೇ ಊಟ ಮುಗಿಸಿ ಬರುತ್ತಿದ್ದರು. ರಾತ್ರಿ ಪಾಳಿಯ ವಾರದಲ್ಲಿ, ನಾನು ಹಗಲು ಮಲಗಬೇಕೆಂದು, ಬೆಳಿಗ್ಗೆ ಬಂದು ಮಗುವನ್ನು ಎತ್ತಿಕೊಂಡು ಪಾರ್ಕಿಗೆ ಹೋಗಿಬಿಡುತ್ತಿದ್ದರು. ಬಂದ ಕೂಡಲೇ ನಲ್ಲಿ, ಸೋಪು. ಹೋಗುವ ಮುಂಚೆ ಮತ್ತೆ ನಲ್ಲಿ, ಸೋಪು. ನನಗೂ ಅದೇ ಅಭ್ಯಾಸ, ವಾರ್ಡಿನಿಂದ ಬಂದದ್ದು. ಹಾಗಾಗಿ ದಿನಕ್ಕೊಮ್ಮೆಯಾದರೂ ಮಾವ ಸೊಸೆ ಇಬ್ಬರೂ ಹಿತ್ತಲಲ್ಲಿ ಅಕ್ಕಪಕ್ಕ ಕೂತು, ಯುದ್ಧಕ್ಕೆ ಹೋಗುವವರ ಹಾಗೆ, ಮೊಣಕೈವರೆಗೆ ಉಜ್ಜಿಕೊಳ್ಳುತ್ತಿದ್ದೆವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ, "ಏನು ಆಪರೇಷನ್ ಇವತ್ತು?" ಎಂದು ಕೇಳುತ್ತಿದ್ದರು.

ಚಾರ್ಜ್ ಕೊಡುವುದು ಮಾವನ ಕಾರ್ಖಾನೆಯ ಪದ್ಧತಿ. ಅಲ್ಲಿ ಒಬ್ಬನ ಪಾಳಿ ಮುಗಿದು ಸೈರನ್ ಆದರೂ ಅವನು ಕುಲುಮೆಯ ಮುಂದಿನಿಂದ ಕದಲುವಂತಿಲ್ಲ. ಅವನ ಜಾಗಕ್ಕೆ ಬರುವ ರಿಲೀವರ್ ಬಂದು ಎದುರಿಗೆ ನಿಲ್ಲಬೇಕು. ಏನು ಬಿಸಿಯಾಗಿದೆ, ಏನು ತಣ್ಣಗಿದೆ, ಯಾವುದು ಸದ್ದು ಮಾಡುತ್ತಿದೆ ಎಂದು ಇವನು ಬಾಯಿಬಿಟ್ಟು ಹೇಳಬೇಕು. ಅವನು "ತಗೊಂಡೆ" ಅನ್ನಬೇಕು. ಆಮೇಲೆಯೇ ಬಿಡುಗಡೆ. ನಮ್ಮ ವಾರ್ಡಿನಲ್ಲೂ ಪಾಳಿ ಬದಲಾಗುವಾಗ ಹೀಗೆ ಹೇಳುವುದುಂಟು. ಆದರೆ ಅದನ್ನು ಮನೆಗೆ ತಂದು, ಒಂದು ವರ್ಷದ ಮಗುವಿನ ವಿಷಯದಲ್ಲಿ, ಬಾಗಿಲಲ್ಲಿ ನಿಂತು ನಡೆಸಬಹುದೆಂದು ನಾನು ಎಣಿಸಿರಲಿಲ್ಲ. ಮೊದಲ ದಿನ ನಗು ಬಂತು.

"ನಗಬೇಡ. ಹೇಳು," ಎಂದರು ಮಾವ.

ಹೇಳಿದೆ. ಮಗು ಎಷ್ಟು ಹೊತ್ತಿಗೆ ಎದ್ದಿತು, ಹಾಲು ಎಷ್ಟು ಕುಡಿಯಿತು, ಎಡಗಿವಿ ಮುಟ್ಟಿಕೊಳ್ಳುತ್ತಿದೆ, ನೋಡಿಕೊಳ್ಳಬೇಕು. ಮಾವ ಕೈ ಕಟ್ಟಿಕೊಂಡು ಕೇಳಿದರು.

"ತಗೊಂಡೆ. ನೀನಿನ್ನು ಹೋಗು."

ಹೊರಟವಳು ಗೇಟಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಅವರಿಗೆ ಅದು ಸರಿ ಬರಲಿಲ್ಲ. "ಚಾರ್ಜ್ ಕೊಟ್ಟ ಮೇಲೆ ಫರ್ನೇಸ್ ಹತ್ರ ಸುಳಿದಾಡಬಾರದು. ತಗೊಂಡವನಿಗೆ ಕೈ ನಡುಗುತ್ತೆ," ಎಂದು ಗದರಿದರು. ಅವರ ತೋಳಿನಲ್ಲಿದ್ದ ಮಗು ನನ್ನತ್ತ ನೋಡದೆ ಅವರ ಕನ್ನಡಕ ಕೀಳುತ್ತಿತ್ತು.

ಇದನ್ನು ಓದುವವರಲ್ಲಿ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ಹೆಂಗಸರಿದ್ದರೆ ಅವರಿಗೆ ಗೊತ್ತಿರುತ್ತದೆ... ಕಾಲು ಆಸ್ಪತ್ರೆಯಲ್ಲಿ, ತಲೆ ಮನೆಯಲ್ಲಿ. ಊಟದ ಹೊತ್ತಿಗೆ ಸಂಗಾತಿಗಳೆಲ್ಲ ಫೋನು ಹಿಡಿದು ಮೂಲೆಗೆ ಹೋಗುತ್ತಿದ್ದರು: ತಿಂತಾ, ಮಲಗ್ತಾ, ಅತ್ತಾ. ನಾನು ಮಾಡುತ್ತಿರಲಿಲ್ಲ. ಮಾಡಿದರೂ ಮಾವ, "ನಿನ್ನ ಡ್ಯೂಟಿ ನೀನು ನೋಡು," ಎಂದು ಇಟ್ಟುಬಿಡುತ್ತಿದ್ದರು. "ತಗೊಂಡೆ, ನೀನಿನ್ನು ಹೋಗು" ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಹೆಗಲಿಂದ ಏನೋ ಇಳಿದಂತಾಗುತ್ತಿತ್ತು. ಹೆರಿಗೆ ಕೋಣೆಯಲ್ಲಿ ನಿಂತಾಗ ನಾನು ಪೂರ್ತಿ ಅಲ್ಲೇ ಇರುತ್ತಿದ್ದೆ. ಸಂಜೆ ಮನೆಯ ಬಾಗಿಲಲ್ಲಿ "ತಗೊಂಡೆ" ಎಂದ ಮೇಲೆ ಪೂರ್ತಿ ಮನೆಯಲ್ಲಿರುತ್ತಿದ್ದೆ.

ನಾನು ತಗೊಂಡೆ ಎಂದ ಕ್ಷಣದಿಂದ ಮಾವ ಬೇರೆ ಮನುಷ್ಯ. ಅಷ್ಟು ಹೊತ್ತು ಆನೆಯಾಗಿ ಬೆನ್ನಮೇಲೆ ಕೂರಿಸಿಕೊಂಡಿದ್ದವರು, ಮಗಳು ಬಂದು ಪಂಚೆ ಎಳೆದರೆ, "ನಂದು ಡ್ಯೂಟಿ ಮುಗೀತು ತಾಯಿ, ನಿಮ್ಮಮ್ಮನ್ನ ಕೇಳು," ಎಂದು ಚೀಲ ಹುಡುಕುತ್ತಿದ್ದರು. ಮಗಳಿಗೆ ಅದೇ ದೊಡ್ಡ ಆಟ. ಬಾಯಲ್ಲಿ ಸೈರನ್ ಊದುವುದನ್ನು ಅವರೇ ಕಲಿಸಿದ್ದರು. ಭದ್ರಾವತಿಯಲ್ಲಿ ಇಡೀ ಊರು ಆ ಸದ್ದಿಗೆ ಎದ್ದು, ಉಂಡು, ಮಲಗುತ್ತಿದ್ದ ಕಾಲದ ಕತೆ ಹೇಳುತ್ತಿದ್ದರು. ಜೊತೆಗೆ ಕಾರ್ಖಾನೆಯ ಗೆಳೆಯರಿಂದ ಬಂದ ತಮಿಳು ತೆಲುಗು ಮಾತುಗಳನ್ನೂ ಕಲಿಸಿದ್ದರು. ಹೊರಗೆ ಹೊರಡಬೇಕಾದರೆ ನಮ್ಮ ಮಗಳು "ಹೋಗೋಣ್ವಾ" ಅನ್ನುತ್ತಿರಲಿಲ್ಲ, "ಪೋಲಾಮಾ?" ಅನ್ನುತ್ತಿದ್ದಳು. ಸ್ಕೂಲಿನಲ್ಲಿ ಮನೆಯ ಭಾಷೆ ಯಾವುದು ಎಂದು ಕೇಳಿದಾಗ "ಭದ್ರಾವತಿ" ಎಂದಳಂತೆ.

ಸೊಸೆಯನ್ನು "ಸಿಸ್ಟರ್" ಎಂದು ಕರೆಯುವುದು ಚಾರ್ಜ್ ಕೊಡುವಾಗ ಮಾತ್ರ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರೆದುರು, ಮಗುವನ್ನು ನನ್ನ ಕೈಗೆ ಕೊಡುತ್ತ ಹಾಗೆ ಕರೆದರು. ಪಕ್ಕದಲ್ಲಿದ್ದ ಅಜ್ಜಿ ನನ್ನ ಮುಖ, ಅವರ ಮುಖ ನೋಡಿ, "ತಂಗಿಗೂ ಅಣ್ಣಂಗೂ ಸುಮಾರು ಅಂತರ ಇದೆ," ಎಂದು ಗೊಣಗಿದಳು.

ನನ್ನ ಗಂಡ ಒಂದು ಕಾಲೇಜಿನ ಆಫೀಸಿನಲ್ಲಿದ್ದಾರೆ. ಹತ್ತಕ್ಕೆ ಹೋಗಿ ಸಂಜೆ ಬರುವ ಕೆಲಸ. ಮಾವ ಮಗನಿಗೆ ಇಟ್ಟ ಹೆಸರು "ಜನರಲ್ ಶಿಫ್ಟ್". "ಜನರಲ್ ಶಿಫ್ಟ್ ಬಂತು, ಕಾಫಿ ಮಾಡು." ನನ್ನ ಗಂಡನಿಗೆ ಚಾರ್ಜ್ ಕೊಡಲು ಬರುತ್ತಿರಲಿಲ್ಲ. ಭಾನುವಾರ ಮಗುವನ್ನು ನೋಡಿಕೊಂಡಿದ್ದು, ಅಪ್ಪ ಬಂದು ಎದುರು ನಿಂತರೆ, "ಎಲ್ಲಾ ಸರಿ ಇದೆ ಅಪ್ಪ," ಎನ್ನುತ್ತಿದ್ದರು.

"ಅದು ಚಾರ್ಜ್ ಅಲ್ಲ ಕಣೋ. ಎಲ್ಲಾ ಸರಿ ಇರೋ ಫರ್ನೇಸ್ ನಾನಿನ್ನೂ ನೋಡಿಲ್ಲ. ಹೇಳು, ಏನು ಸರಿ ಇಲ್ಲ?"

"ಚಡ್ಡಿ ಒದ್ದೆ ಇರಬಹುದು..."

"ನೋಡಿದ್ಯಾ. ಇದು ಚಾರ್ಜು."

ಮಗಳಿಗೆ ನಾಲ್ಕನೇ ವರ್ಷ ನಡೆಯುತ್ತಿದ್ದಾಗ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಿವೃತ್ತರಾದರು. ಮೇಟ್ರನ್ ನನ್ನನ್ನು ಕರೆದು, ಆ ಜಾಗಕ್ಕೆ ನೀನು ಬರುತ್ತೀಯಾ ಎಂದು ಕೇಳಿದರು. ನನಗೆ ಆಸೆಯಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದು ಪಾಳಿ ಮುಗಿದರೂ ಮುಗಿಯದ ಕೆಲಸ. ಯಾವಾಗ ಬೇಕಾದರೂ ಫೋನು ಬರುವ ಕೆಲಸ. ಸೋಮವಾರ ಹೇಳುತ್ತೇನೆ ಎಂದು ಬಂದಿದ್ದೆ.

ಆ ಭಾನುವಾರ ಹೊಳಲೂರಿನಲ್ಲಿ ಮಾವನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಎಲ್ಲರೂ ಕಾರು ಮಾಡಿಕೊಂಡು ಹೋದೆವು. ಪೂಜೆಗೆ ಪಕ್ಕದ ಮನೆಯಿಂದ ಹಸುವನ್ನೂ ಕರುವನ್ನೂ ಕರೆತಂದು ಮೊದಲು ಒಳಗೆ ನಡೆಸಿದರು. ಮಗಳು ಕರುವಿನ ಹಿಂದೆಯೇ ಸುತ್ತುತ್ತಿದ್ದಳು. ನನಗೆ ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಕೆಲಸ ಬಿತ್ತು. ಗಂಡ ಬಡಿಸಲು ನಿಂತರು. ಮಾವ ಎಷ್ಟೋ ಕಾಲದ ಮೇಲೆ ಸಿಕ್ಕ ನೆಂಟರ ನಡುವೆ ಕೂತರು. ರಜಾ ದಿನ. ನಾನೂ ಡ್ಯೂಟಿಯಲ್ಲಿಲ್ಲ, ಮಾವನೂ ಡ್ಯೂಟಿಯಲ್ಲಿಲ್ಲ. ಯಾರೂ ಯಾರಿಗೂ ಚಾರ್ಜ್ ಹೇಳಲಿಲ್ಲ.

ಎರಡನೇ ಪಂಕ್ತಿಗೆ ಎಲೆ ಹಾಕುವಾಗ ಮಾವ ಒಬ್ಬರೇ ಬಂದರು. ನಾನು ಒಬ್ಬಳೇ ಇದ್ದೆ.

"ಮಗು?" ಎಂದೆ.

"ನಿನ್ನ ಹತ್ರ ಇಲ್ವಾ?"

ಹೊಳೆ ಅಲ್ಲಿಂದ ದೂರವಿರಲಿಲ್ಲ. ಇಬ್ಬರಿಗೂ ಅದೇ ಹೊಳೆಯಿತು. ಮಾವ ಓಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆ ಎತ್ತಿ ಹಿಡಿದು, ಬರಿಗಾಲಲ್ಲಿ, ಗದ್ದೆಯ ಬದುವಿನವರೆಗೆ ಹೋಗಿ ಬಂದರು. ನಾನು ಮನೆಯ ಹಿಂದೆ ಓಡಿದೆ. ಪಕ್ಕದ ಮನೆಯ ಕೊಟ್ಟಿಗೆಯಿಂದ ಪುಟ್ಟ ದನಿಯೊಂದು ಕೇಳಿತು.

"ಹುಲ್ಲು ತಿಂದಿದೆ. ಮೂಗು ಸೋರ್ತಾ ಇದೆ. ಸುಸ್ಸು ಮಾಡಿಲ್ಲ. ಅಮ್ಮ ಇಲ್ಲೇ ಇದಾಳೆ, ಅಳಲ್ಲ. ತಗೋ."

ಕರುವಿನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು, ಥೇಟ್ ಅವಳಜ್ಜನ ಹಾಗೆ, ಮಗಳು ನಿಂತಿದ್ದಳು. ಎದುರಿಗೆ ಆ ಮನೆಯ ಮುದುಕಿ ಸಗಣಿ ಬುಟ್ಟಿ ಹಿಡಿದು ಕಕ್ಕಾಬಿಕ್ಕಿಯಾಗಿದ್ದಳು. ನನ್ನನ್ನು ಕಂಡವಳೇ, "ನಿಮ್ಮದಾ ಇದು? ಆಗ್ಲಿಂದ ತಗೋ ತಗೋ ಅಂತ ನಿಂತಿದೆ. ಏನು ತಗೋಬೇಕೋ ನಂಗಂತೂ ತಿಳೀತಾ ಇಲ್ಲ ಮಾರಾಯ್ತಿ," ಎಂದಳು.

ಮಾವ ಹಿಂದಿನಿಂದ ಬಂದವರು ಅದನ್ನು ಕೇಳಿಸಿಕೊಂಡು, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ತಗೊಂಡೆ ಅನ್ನಿ ಅಜ್ಜಿ," ಎಂದರು ಏದುಸಿರಲ್ಲಿ. "ಇಲ್ಲಾಂದ್ರೆ ಅವಳು ಜಾಗ ಬಿಡಲ್ಲ."

ಊಟಕ್ಕೆ ಕೂತಾಗ ಮಾವನ ತಂಗಿ ಪಾಯಸ ಹಾಕುತ್ತ ಬಂದು ನನ್ನ ಎಲೆಯ ಮುಂದೆ ನಿಂತರು. ಒಳ್ಳೆಯವರು, ಆದರೆ ನಾಲಿಗೆಗೆ ಲಗಾಮಿಲ್ಲ. "ಊರವರ ಮಕ್ಕಳನ್ನೆಲ್ಲ ಇವಳು ಎತ್ಕೊಳ್ಳೋದು, ಇವಳ ಮಗೂನ ಕರು ನೋಡ್ಕೊಳ್ಳೋದು. ಚೆನ್ನಾಗಿದೆ ಕಣಮ್ಮ ನಿಮ್ಮ ವ್ಯವಸ್ಥೆ." ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಪಾಯಸ ಮಾತ್ರ ಎಲೆಯಲ್ಲೇ ಬಿಟ್ಟೆ.

ವಾಪಸು ಬರುವಾಗ ಕಾರಿನಲ್ಲಿ ಗಂಡನಿಗೆ ಮೆಲ್ಲಗೆ ಹೇಳಿದೆ, ಇನ್‌ಚಾರ್ಜ್ ಬೇಡ, ಕೆಲಸವೇ ಬೇಡ, ಬಿಟ್ಟುಬಿಡುತ್ತೇನೆ. ಅವರು "ನಿನ್ನಿಷ್ಟ," ಎಂದರು. ಮುಂದಿನ ಸೀಟಿನಲ್ಲಿ ಮಾವ ಮಲಗಿದ ಮಗುವನ್ನು ಎದೆಗೆ ಒರಗಿಸಿಕೊಂಡು ಕೂತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಮಗುವನ್ನು ನನ್ನ ಮಡಿಲಿಗೆ ಇಳಿಸಿ ಭದ್ರಾವತಿಯ ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ನಾನು ಮನೆಯ ಸೀರೆಯಲ್ಲೇ ಇದ್ದೆ, ಯೂನಿಫಾರ್ಮು ಹಗ್ಗದ ಮೇಲೆ ಮುದುಡಿ ಕೂತಿತ್ತು.

"ಇವತ್ತು ಹೋಗಲ್ಲ ಮಾವ. ಇನ್ನು ಹೋಗಲ್ಲ. ಫೋನ್ ಮಾಡಿ ಹೇಳಿಬಿಡ್ತೀನಿ. ನಿಮಗೂ ಈ ಬಸ್ಸಿನ ಓಡಾಟ ಸಾಕು," ಎಂದೆ.

ಅವರು ಹಿತ್ತಲಿಗೆ ಹೋದರು. ನಲ್ಲಿಯ ಸದ್ದು ಬಂತು. ಎಂದಿನಷ್ಟೇ ಹೊತ್ತು. ಕೈ ಒರೆಸಿಕೊಂಡು ಬಂದು ಅಡುಗೆಮನೆಯ ಹೊಸಲಿನ ಹತ್ತಿರ ಮಣೆ ಎಳೆದುಕೊಂಡು ಕೂತರು.

"ನಿನ್ನತ್ತೆ ಬಾಲವಾಡಿ ಟೀಚರ್ ಆಗಿದ್ಲು, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಅಲ್ಲೇ ಭದ್ರಾವತಿಯ ಜನ್ನಾಪುರದಲ್ಲಿ. ಹಾಡು ಕಟ್ಟಿ ಹೇಳಿಕೊಡೋಳು. ರಜ ಇದ್ರೂ ಮಕ್ಕಳು ಮನೆ ಹತ್ರ ಬರೋವು. ಆಮೇಲೆ ಇವನು ಹುಟ್ಟಿದ. ನಂದು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಒಂದಿನ ಹೇಳಿದ್ಲು, ಬಿಟ್ಬಿಡ್ತೀನಿ ಅಂತ. ನಾನು ಊಟ ಮಾಡ್ತಾ ಇದ್ದೆ. ಸರಿ ಅಂದೆ. ಸಾರು ಹಾಕು ಅಂದೆ."

ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು, ನಾನು ಎದ್ದು ಆರಿಸಿದೆ.

"ಅಷ್ಟು ವರ್ಷ ಫರ್ನೇಸ್ ಮುಂದೆ ನಿಂತೆ. ಒಂದಿನಾನೂ ನಂಗೆ ರಿಲೀವರ್ ಬರಲಿಲ್ಲ ಅಂತ ಆಗಲಿಲ್ಲ. ಮಳೆ ಬರಲಿ, ಹಬ್ಬ ಇರಲಿ, ಬಂದು ನಿಂತ್ಕೊಂಡು ತಗೊಂಡೆ ಅನ್ನೋನು. ಅವಳಿಗೆ ಯಾರೂ ಬರಲಿಲ್ಲ. ಒಂದೇ ಶಿಫ್ಟು... ಹೋಗೋವರೆಗೂ."

ಅವರು ಇದನ್ನು ಅಳುತ್ತ ಹೇಳಲಿಲ್ಲ. ಹವಾಮಾನದ ಬಗ್ಗೆ ಮಾತಾಡುವ ದನಿಯಲ್ಲೇ ಹೇಳಿದರು.

"ಆದ್ರೆ ನಿನ್ನೆ..." ಎಂದೆ.

"ನಿನ್ನೆ ರಜ ಅಂತ ಇಬ್ರೂ ಬಾಯಿ ಮುಚ್ಕೊಂಡಿದ್ವಿ. ಅದಕ್ಕೆ ಹಂಗಾಯ್ತು. ಇನ್ನು ಮೇಲೆ ಮದುವೆ ಮನೇಲೂ ಹೇಳೋದೇ, ತಿಥಿ ಮನೇಲೂ ಹೇಳೋದೇ. ನಗೋರು ನಗಲಿ." ಮಣೆಯಿಂದ ಎದ್ದರು. "ನೀನು ಬಿಡೋದಾದ್ರೆ ಬಿಡು, ಬೇಡ ಅನ್ನಲ್ಲ. ಆದ್ರೆ ಆ ವಾರ್ಡಲ್ಲಿ ನಿನ್ನ ಜಾಗಕ್ಕೆ ಯಾರು ಬಂದು ನಿಂತಿದಾರೆ? ರಿಲೀವರ್ ಬರದೆ ಜಾಗ ಬಿಡೋ ಹಾಗಿಲ್ಲ. ನಾನು ಬಂದಾಯ್ತು. ಈ ಕಡೆ ಚಾರ್ಜ್ ಕೊಡು."

ಅಷ್ಟರಲ್ಲಿ ಮಗಳು ದಿಂಬು ಎಳೆದುಕೊಂಡು ಕಣ್ಣುಜ್ಜುತ್ತ ಬಂದಳು. ನನ್ನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು.

"ರಾತ್ರಿ ಚೆನ್ನಾಗಿ ಮಲಗಿದಾಳೆ," ಎಂದೆ. "ನಿನ್ನೆ ಲಾಡು ಜಾಸ್ತಿ ಆಗಿದೆ, ಹೊಟ್ಟೆ ನೋಡ್ಕೋಬೇಕು. ಎದ್ದ ಕೂಡ್ಲೇ ಕರು ಬೇಕು ಅಂತ ಹಟ ಮಾಡ್ತಾಳೆ..."

ಮಾವ ಅವಸರ ಮಾಡಲಿಲ್ಲ. "ಮುಗೀತಾ?"

"ಮುಗೀತು."

"ತಗೊಂಡೆ. ನೀನಿನ್ನು ಹೋಗು."

ಇಸ್ತ್ರಿಯಿಲ್ಲದ ಯೂನಿಫಾರ್ಮಿನಲ್ಲೇ ಹೋದೆ. ಗೇಟಿನಲ್ಲಿ ಹಿಂದಿರುಗಿ ನೋಡಲಿಲ್ಲ. ಮೇಟ್ರನ್ ಕೋಣೆಗೆ ಹೋಗಿ, "ಬರ್ತೀನಿ ಮೇಡಂ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಂತೋಷ. ನಾಳೆಯಿಂದ ಇಸ್ತ್ರಿ ಮಾಡ್ಕೊಂಡು ಬನ್ನಿ," ಎಂದರು.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಈಗಲೂ ನಗುವೇ ಬರುತ್ತದೆ. ಮಾವ ಮಾತಿಗೆ ತಪ್ಪಲಿಲ್ಲ. ಯಾರದೋ ಮದುವೆಯಲ್ಲಿ, ವಾಲಗದ ಅಬ್ಬರದ ನಡುವೆ, ಊಟದ ಪಂಕ್ತಿಯ ಆಚೆ ತುದಿಯಿಂದ ಕೈಯೆತ್ತಿ, "ಸಿಸ್ಟರ್, ಚಾರ್ಜ್!" ಎಂದು ಕೂಗುತ್ತಿದ್ದರು. ನೆಂಟರು ಮೊದಮೊದಲು ಅಣಕಿಸಿದರು. ಆಮೇಲೆ ಅವರಿಗೂ ಅಂಟಿಕೊಂಡಿತು. ಹೊಳಲೂರಿನ ಅದೇ ತಂಗಿ ಒಂದು ನಾಮಕರಣದಲ್ಲಿ ನನ್ನ ಮಗಳನ್ನು ಅರ್ಧ ದಿನ ಇಟ್ಟುಕೊಂಡಿದ್ದು, ನನಗೆ ಒಪ್ಪಿಸುವಾಗ ಸೊಂಟದ ಮೇಲೆ ಕೈಯಿಟ್ಟು ನಿಂತರು. "ತಗೋಳಮ್ಮ ಚಾರ್ಜು. ಪಾಯಸ ಒಂದು ಲೋಟ ಹೊಟ್ಟೆಗೆ, ಒಂದು ಲೋಟ ನನ್ನ ಸೀರೆಗೆ." ಮಾವ ದೂರದಿಂದಲೇ ತಲೆದೂಗಿದರು, ತಂಗಿ ಪರೀಕ್ಷೆ ಪಾಸಾದಳೆಂಬಂತೆ.

ನಾನು ಟಿಫನ್ ಡಬ್ಬಿ ಮರೆತು ಹೋದ ಒಂದು ದಿನ ಅದನ್ನು ಕೊಡಲು, ಮಗಳ ಕೈ ಹಿಡಿದುಕೊಂಡು, ವಾರ್ಡಿನವರೆಗೆ ಬಂದರು. ಹೆರಿಗೆ ಕೋಣೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಆಗಷ್ಟೇ ಹುಟ್ಟಿದ ಮಗುವೊಂದು ಕಟ್ಟಡ ಒಡೆಯುವ ಹಾಗೆ ಅತ್ತಿತು. ನಾನು ಹೊರಗೆ ಬಂದಾಗ ಮಾವನ ಮುಖ ಅರಳಿತ್ತು.

"ಸೈರನ್ ಚೆನ್ನಾಗಿದೆ," ಎಂದರು.

ಆ ಮಾತು ವಾರ್ಡಿನಲ್ಲಿ ಉಳಿದುಬಿಟ್ಟಿದೆ. ಹೊಸದಾಗಿ ಬಂದ ಹುಡುಗಿಯರಿಗೂ ಗೊತ್ತು, ಎಲ್ಲಿಂದ ಬಂತೆಂದು ಗೊತ್ತಿಲ್ಲ. ಪಾಳಿ ಬದಲಾಗುವಾಗ ಯಾರಾದರೂ "ಎಲ್ಲಾ ಸರಿ ಇದೆ ಸಿಸ್ಟರ್" ಎಂದರೆ, "ಏನು ಸರಿ ಇಲ್ಲ ಹೇಳಿ" ಎನ್ನುವುದೂ ನನಗೆ ಅಲ್ಲಿಂದಲೇ ಬಂದದ್ದು.

ಭದ್ರಾವತಿಯಲ್ಲಿ ಮಾವನ ಪಕ್ಕದ ಮನೆಯಲ್ಲಿ ಅವರ ರಿಲೀವರ್ ಇದ್ದರು. ನಿಜವಾದ ರಿಲೀವರ್, ಕುಲುಮೆಯ ಮುಂದೆ ವರ್ಷಗಟ್ಟಲೆ ಮಾವನ ಜಾಗಕ್ಕೆ ಬಂದು ನಿಲ್ಲುತ್ತಿದ್ದವರು. ಮನೆಮಾತು ತಮಿಳು. ಕೆಲಸದಲ್ಲಿದ್ದಷ್ಟು ದಿನವೂ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದೇ ಇಲ್ಲವಂತೆ, ಒಬ್ಬರು ಬಂದರೆ ಒಬ್ಬರು ಹೋಗಬೇಕಲ್ಲ. ನಿವೃತ್ತರಾದ ಮೇಲೆ ಪ್ರತಿ ಸಂಜೆ ಇಸ್ಪೀಟು. ಸೋತವರು ಮಾರನೆಯ ದಿನದ ಕಾಫಿ ಮಾಡಬೇಕು.

ಮೊದಲು ಹೇಳಿದ ಆ ದಿನದ ಸಂಜೆಯೂ ಇಸ್ಪೀಟು ಆಡಿದ್ದರಂತೆ. ಮಾವ ಗೆದ್ದಿದ್ದರಂತೆ. ಬೆಳಿಗ್ಗೆ ಆ ಗೆಳೆಯರು ಸೋತವರ ಕಾಫಿ ಹಿಡಿದು ಬಾಗಿಲು ತಟ್ಟಿದರು. ತೆರೆಯಲಿಲ್ಲ. ನಾನು ಯೂನಿಫಾರ್ಮ್ ಹಾಕಿ, ಮಗಳಿಗೆ ಜಡೆ ಹೆಣೆಯುತ್ತ, ಮೊದಲ ಬಸ್ಸಿನ ಹೊತ್ತು ದಾಟಿತಲ್ಲ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಫೋನು ಬಂತು.

ನಿದ್ದೆ ಮಾಡಿದ ಹಾಗೇ ಇದ್ದರು. ಕೈಗಳು ಹೊಟ್ಟೆಯ ಮೇಲೆ ಚೊಕ್ಕಟವಾಗಿದ್ದವು. ಮನೆ ತುಂಬ ಕಾರ್ಖಾನೆಯ ಹಳೆಯ ಗೆಳೆಯರು, ಕನ್ನಡ ತಮಿಳು ತೆಲುಗು ಎಲ್ಲ ಕೂಡಿ ಮೆಲ್ಲಗೆ ಮಾತು. ನಾನು ತಲೆಯ ಹತ್ತಿರ ಕೂತಿದ್ದೆ. ರಿಲೀವರ್ ಬಂದು ನನ್ನ ಪಕ್ಕ ಬಗ್ಗಿದರು.

"ಅಮ್ಮಾ, ನಿನ್ನೆ ಚಾರ್ಜ್ ಕೊಟ್ಟು ಬಂದಾನಾ?"

"ಕೊಟ್ಟೇ ಬಂದರು," ಎಂದೆ. "ನಾನು ತಗೊಂಡೆ ಅಂದಿದ್ದೆ."

"ಅಪ್ಪೋ ಸರಿ, ಹಂಗಾದ್ರೆ ಸರಿ," ಎಂದು ತಲೆಯಾಡಿಸಿದರು. ಆಮೇಲೆ ನೆಟ್ಟಗೆ ನಿಂತು, ಮಾವನ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ನಾನೂ ತಗೊಂಡಾಯ್ತು ಕಣಯ್ಯಾ. ನೀ ಹೋಗು," ಎಂದರು.

ಯಾರೋ ಒಬ್ಬರು ನಕ್ಕರು, ತಕ್ಷಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಸೈರನ್ ಊದುತ್ತಾಳೆ ಎಂದು ನನಗೆ ಒಂದು ಕ್ಷಣ ಅನಿಸಿತು. ಊದಲಿಲ್ಲ.

ಮಗಳಿಗೆ ಈಗ ಹದಿಮೂರು. ತನ್ನದೇ ಕೀಲಿ ಇದೆ, ಸ್ಕೂಲಿನಿಂದ ಬಂದು ತಾನೇ ಬಾಗಿಲು ತೆಗೆದುಕೊಳ್ಳುತ್ತಾಳೆ, ದೋಸೆ ಹುಯ್ದುಕೊಳ್ಳುತ್ತಾಳೆ. ಗೆಳತಿಯರಿಗೆ "ಪೋಲಾಮಾ" ಕಲಿಸಿದ್ದಾಳೆ. ನಾನು ವಾರ್ಡಿನಲ್ಲೇ ಇದ್ದೇನೆ, ಇನ್‌ಚಾರ್ಜ್ ಆಗಿಯೇ. ನನ್ನ ಗಂಡ ಎಷ್ಟೋ ಕಲಿತಿದ್ದಾರೆ. ಸಂಜೆ ನಾನು ಬರುವ ಹೊತ್ತಿಗೆ ಬಾಗಿಲಿಗೆ ಬಂದು, "ಅನ್ನ ಸ್ವಲ್ಪ ಮುದ್ದೆಯಾಗಿದೆ, ಅವಳಿಗೂ ನಂಗೂ ಟಿವಿ ವಿಷಯಕ್ಕೆ ಜಗಳ ಆಗಿದೆ, ತಪ್ಪು ಅವಳದೇ," ಎಂದು ಒಪ್ಪಿಸುತ್ತಾರೆ. ನಾನು ತಗೊಂಡೆ ಎನ್ನುತ್ತೇನೆ. ಮೂವರೂ ನಗುತ್ತೇವೆ. ಮನೆ ನಡೆಯುತ್ತಿದೆ. ಚೆನ್ನಾಗಿಯೇ ನಡೆಯುತ್ತಿದೆ.

ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ಕರಟದಲ್ಲಿದ್ದ ಆ ಕೆಂಪು ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಮಗಳು ಇನ್ನೂ ಮಲಗಿದ್ದಳು, ನಿನ್ನೆಯಿಂದ ಸ್ವಲ್ಪ ಕೆಮ್ಮು. ಗಂಡ ಹಾಲು ತರಲು ಹೋಗಿದ್ದರು. ಹೇಳಬೇಕಾದದ್ದೆಲ್ಲ ನನ್ನ ಬಾಯಲ್ಲೇ ಇತ್ತು. ಅದನ್ನು ಕೈ ಕಟ್ಟಿಕೊಂಡು ಕೇಳಿ, "ತಗೊಂಡೆ, ನೀನಿನ್ನು ಹೋಗು" ಎನ್ನುವವರು ಇರಲಿಲ್ಲ.